ಒಳಕೋಣೆಯ ಮಾತುಗಳು

ಸೋಮವಾರ ಮುಂಜಾನೆ ಗುರವ್ವ "ನೀರು" ಅಂದಳು, ನೀರು ಬಂತು. "ಸಾಕು" ಅಂದಳು, ತಾಯಿ ಶಾಂಭವಿ ಲೋಟ ಕೆಳಗಿಟ್ಟಳು. ಆಮೇಲೆ ಮಗಳು ಇನ್ನೇನೋ ಹೇಳಲು ಹೋದಳು. ಕಂಪ್ಯೂಟರು ಸುಮ್ಮನೆ ಕೂತಿತು.

ಗುರುದೇವಿ ಅಂತ ಹೆಸರು, ಎಲ್ಲರ ಬಾಯಲ್ಲೂ ಗುರವ್ವ. ಒಂಬತ್ತು ತುಂಬಿದ ಹುಡುಗಿ. ಹುಟ್ಟುವಾಗ ಉಸಿರು ತಡವಾಗಿ ಬಂದದ್ದರಿಂದ ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ, ನಾಲಗೆಯೂ ಕೇಳುವುದಿಲ್ಲ. ಕೇಳುವುದು ಬಲಗೈಯ ಮೊಣಕೈ ಒಂದೇ. ಆ ಮೊಣಕೈಗೆ ತಾಗುವಂತೆ ಕುರ್ಚಿಯ ಹಲಗೆಗೆ ತಟ್ಟೆಯಷ್ಟಗಲದ ಒಂದು ಕೆಂಪು ಗುಂಡಿ ಕೂರಿಸಿದ್ದರು. ಎದುರಿನ ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳು. ಒಂದು ಹಳದಿ ಬೆಳಕು ಒಂದು ಚೌಕದಿಂದ ಮತ್ತೊಂದಕ್ಕೆ ನಿಧಾನವಾಗಿ ನಡೆಯುತ್ತಿತ್ತು. ಬೇಕಾದ ಚಿತ್ರಕ್ಕೆ ಬೆಳಕು ಬಂದಾಗ ಗುರವ್ವ ಮೈಯೆಲ್ಲ ಬಿಗಿಹಿಡಿದು ಗುಂಡಿ ಒತ್ತಬೇಕು. "ಮನಿ" ಒತ್ತಿದರೆ ಮನೆ ತೆರೆಯುತ್ತದೆ, ಅದರೊಳಗೆ "ಅಡಗಿ ಮನಿ", ಅದರೊಳಗೆ "ಒಲಿ ಮುಂದ". ಕೊನೆಯ ಚಿತ್ರ ಒತ್ತಿದರೆ ಮಾತು ಕೇಳುತ್ತದೆ. ಬೆಳಕು ತಪ್ಪಿದರೆ ಅದು ಮತ್ತೊಂದು ಸುತ್ತು ಬರುವವರೆಗೆ ಕಾಯಬೇಕು. ನಮಗೆ ಬಾಯಿಂದ ಜಾರಿ ಬೀಳುವ ಒಂದು ಮಾತಿಗೆ ಆ ಹುಡುಗಿ ಬೆವರುತ್ತಿದ್ದಳು.

ಕಲಬುರಗಿಯ ದವಾಖಾನೆಯಲ್ಲಿ ಮಾತು ಕಲಿಸುವ ಮೇಡಂ ಈ ಪ್ರೋಗ್ರಾಮನ್ನು ಪುಕ್ಕಟೆ ಹಾಕಿಕೊಟ್ಟಿದ್ದರು. ಅದನ್ನು ಮಾಡಿದವನು ಯಾವುದೋ ದೇಶದವನಂತೆ, ಈಗ ಅದರ ಗೊಡವೆ ಬಿಟ್ಟಿದ್ದಾನಂತೆ. ಅದರ ಜೊತೆ ಯಂತ್ರದ ಕನ್ನಡವೂ ಬಂದಿತ್ತು. ಮೊದಲ ದಿನ ಅದು "ನನಗೆ ಬಾಯಾರಿಕೆಯಾಗಿದೆ" ಅಂದಾಗ ಅತ್ತೆ ಗೊಲ್ಲಾಳಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಿದ್ದರು. "ಯವ್ವಾ, ನಮ್ಮ ಗುರವ್ವ ಯಾವಾಗ ವಾರ್ತೆ ಓದಾಕ ಸೇರ್‍ಯಾಳ?"

ಅಂದಿನಿಂದ ಶಾಂಭವಿ ತಾನೇ ಒಂದೊಂದು ಮಾತನ್ನೂ ಮನೆಯ ಮಾತಿನಲ್ಲಿ ಹೇಳಿ ಹೇಳಿ ತುಂಬಿಸಿದಳು. ಪಾತ್ರೆ ತೊಳೆದು, ಮಗಳನ್ನು ಮಲಗಿಸಿ, ಬೀದಿಯಲ್ಲಿ ತಳ್ಳುಗಾಡಿಯವರ ಕೂಗು ನಿಂತ ಹೊತ್ತು ನೋಡಿ, ಮೈಕಿನ ಮುಂದೆ ಕೂತು ದನಿಯನ್ನು ಸ್ವಲ್ಪ ಸಣ್ಣಗೆ ಮಾಡಿಕೊಂಡು ಹೇಳುತ್ತಿದ್ದಳು. "ಅಜ್ಜಿ, ನನ್ನ ಕೂದಲ ಜಗ್ಗಬ್ಯಾಡ, ಮೆಲ್ಲಕ ಬಾಚು." "ನಂಗ ಕಟಕ್ ರೊಟ್ಟಿ ಬ್ಯಾಡ, ಬಿಸಿ ರೊಟ್ಟಿ ಹಾಲಿನ್ಯಾಗ ಮುರದ ಕೊಡು." "ಅಪ್ಪ ಕೆಂಭಾವಿ ದಾಟ್ಯಾನ, ಇನ್ನ ಜರಾ ಹೊತ್ತಿಗೆ ಬರ್ತಾನ." ಫೈಲಿಗೆ ಇಟ್ಟ ಹೆಸರೇ ಚಿತ್ರದ ಕೆಳಗೆ ಕಾಣುತ್ತಿದ್ದುದರಿಂದ ಅವಳು ಪೂರ್ತಿ ವಾಕ್ಯವನ್ನೇ ಹೆಸರಾಗಿ ಇಡುತ್ತಿದ್ದಳು. ಅತ್ತೆ ಕನ್ನಡಕ ಏರಿಸಿ ಓದಿಕೊಳ್ಳಲಿ ಅಂತ.

ಸೋಮವಾರ ಗುರವ್ವ ಹೊರಟಿದ್ದು ಒಲೆಯ ಮುಂದಕ್ಕೆ. ಮನಿ, ಅಡಗಿ ಮನಿ, ಒಲಿ ಮುಂದ. ಬೆಳಕು ಬಂತು, ಮೊಣಕೈ ಬಿತ್ತು. ರೊಟ್ಟಿಯ ಚಿತ್ರ ಇರಬೇಕಾದಲ್ಲಿ ಬೂದಿ ಬಣ್ಣದ ಖಾಲಿ ಚೌಕ ಇತ್ತು. ಒಂದು ಸಣ್ಣ ಪೆಟ್ಟಿಗೆ ತೆರೆದು ಇಂಗ್ಲಿಷಿನಲ್ಲಿ ಆ ಫೈಲೇ ಇಲ್ಲ ಅಂದಿತು. ಗುರವ್ವ ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ. ಮೂರನೆಯ ಸಲ ಒತ್ತುವಾಗ ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ತಡಿಯವ್ವ, ನೋಡ್ತೀನಿ," ಅಂತ ಶಾಂಭವಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಪ್ರೋಗ್ರಾಮಿನಿಂದಲೇ ಆ ಚೌಕದ ಫೋಲ್ಡರು ತೆರೆದಳು. ಫೈಲು ಅಲ್ಲೇ ಇತ್ತು. "ಇಲ್ಲೇ ಕುಂತದಲ್ಲ! ಕಣ್ಣ ಮುಂದ ಕುಂತದ್ದಕ್ಕ ಇಲ್ಲ ಅಂತದಲ್ಲ ಇದು!"

"ಕಣ್ಣ ಮಂಜ ಆಗಿರಬೇಕು ಅದಕ್ಕೂ," ಅಂದರು ಗೊಲ್ಲಾಳಮ್ಮ. ಅವರಿಗೆ ಹೋದ ವರ್ಷವಷ್ಟೇ ಪೊರೆ ತೆಗೆಸಿದ್ದರು.

ಬಂದ್ ಮಾಡಿ ಚಾಲೂ ಮಾಡಿದಳು. ಹಾಡು ಹಚ್ಚಿ ನೋಡಿದಳು; ಸ್ಪೀಕರು ಬರೋಬರಿ ಇತ್ತು. "ನೀರು", "ಸಾಕು", "ಬ್ಯಾಡ" ಮಾತಾಡುತ್ತಿದ್ದವು. "ಅಜ್ಜಿ, ಕೂದಲ ಜಗ್ಗಬ್ಯಾಡ" ಸುಮ್ಮನಿತ್ತು. ಅಂದು ಸಂಜೆ ಗೊಲ್ಲಾಳಮ್ಮ ಮೊಮ್ಮಗಳ ತಲೆ ಎಂದಿನ ಬಿರುಸಿನಲ್ಲೇ ಬಾಚಿದರು, ತಡೆಯುವ ಮಾತು ಇರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ಬಂದದ್ದು ನೋಡಿ ಬಾಚಣಿಗೆ ಕೆಳಗಿಟ್ಟರು.

ಮರುದಿನ ಬಾಲರಾಜ ಬಂದ. ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟವನು. ಈ ಯಂತ್ರವನ್ನು ಮಾರಿದವನೂ ಅವನೇ. ವೈರು ಬಿಚ್ಚಿ ಊದಿದ, ಹಾಕಿದ. ವೈರಸ್ ಹುಡುಕಿದ. ಪ್ರೋಗ್ರಾಮನ್ನು ತೆಗೆದು ಹೊಸದಾಗಿ ಕೂರಿಸಿದ. ಚಹಾ ಕುಡಿಯುತ್ತಾ ಒತ್ತಿ ನೋಡಿದ. "ನೀರು" ಅಂತು.

"ಆತಲ್ರಿ ಅಕ್ಕಾರ!"

"ನೀರು ಮೊದ್ಲೂ ಅಂತಿತ್ತಪ್ಪ. ಒಳಗಿನವು ಒತ್ತು."

ಒತ್ತಿದ. ಬೂದಿ ಚೌಕ. ಬಾಲರಾಜನ ಮುಖವೂ ಸ್ವಲ್ಪ ಅದೇ ಬಣ್ಣಕ್ಕೆ ತಿರುಗಿತು.

"ಹಳೇ ಕಾಪಿ ಎಲ್ಲಿಯರ ಅದ ಏನ್ರಿ?"

ಇತ್ತು. ದೀಪಾವಳಿಯ ಮುಂದೆ ಶಾಂಭವಿ ಎಲ್ಲವನ್ನೂ ಒಂದು ಪೆನ್ ಡ್ರೈವಿನಲ್ಲಿ ತುಂಬಿ, ಬೀಗದ ಕೈಗಳ ಜೊತೆ ಕಪಾಟಿನಲ್ಲಿಟ್ಟಿದ್ದಳು. ಬುಧವಾರ ಗುರವ್ವನಿಗೆ ಉಣಿಸಿ, ಅತ್ತೆಗೆ ಒಪ್ಪಿಸಿ, ಬಿಸಿಲಲ್ಲಿ ಆಟೋ ಹಿಡಿದು ಅವನ ಅಂಗಡಿಗೆ ಹೋದಳು. ಬಾಲರಾಜ ತನ್ನ ಯಂತ್ರಕ್ಕೆ ಅದನ್ನು ಚುಚ್ಚಿ ತೆರೆದ. ರೊಟ್ಟಿ ಮಾತಾಡಿತು. ಕೂದಲು ಮಾತಾಡಿತು. "ಅಪ್ಪ ಕೆಂಭಾವಿ ದಾಟ್ಯಾನ" ಅಂತ ಶಾಂಭವಿಯದೇ ಸಣ್ಣ ದನಿ ಅಂಗಡಿಯ ತುಂಬ ಕೇಳಿ, ಝೆರಾಕ್ಸಿಗೆ ನಿಂತವರು ತಿರುಗಿ ನೋಡಿದರು. ನಾಚಿಕೆ ಆಗಬೇಕಿತ್ತು. ಅವಳಿಗೆ ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಬೇಕು ಅನಿಸಿತು, ಅಷ್ಟು ದಣಿವಾಗಿತ್ತು.

"ಇದನ್ನ ಒಯ್ದು ಅಲ್ಲಿದ್ದದ್ದರ ಮ್ಯಾಲ ಕಾಪಿ ಮಾಡ್ರಿ," ಅಂದ ಬಾಲರಾಜ. "ನಡುವ ಏನರ ಕೇಳಿದ್ರ ಸ್ಕಿಪ್ ಒತ್ತರಿ, ಮುಗೀತು."

ಮನೆಗೆ ಬಂದು ಮಾಡಿದಳು. ನಡುವೆ ಅದು ಏನೋ ಕೇಳಿತು. ಒಲೆಯ ಮೇಲೆ ಹಾಲು ಏರುತ್ತಿತ್ತು. ಸ್ಕಿಪ್ ಒತ್ತಿ ಓಡಿದಳು. ಹಾಲು ಉಳಿಯಿತು, ಮಾತು ಬರಲಿಲ್ಲ.

"ಅವನ ಅಂಗಡ್ಯಾಗ ಮಾತಾಡ್ತದ, ನಮ್ಮ ಮನ್ಯಾಗ ಮಾತಾಡಂಗಿಲ್ಲ," ಅಂದಳು ಶಾಂಭವಿ, ಯಾರಿಗೆ ಅಂತಿಲ್ಲದೆ.

"ಅಂದ್ರ ಮನಿಗೇ ದೃಷ್ಟಿ ಆಗ್ಯಾದ," ಅಂತ ಗೊಲ್ಲಾಳಮ್ಮ ಎದ್ದು ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಮೊಮ್ಮಗಳಿಗೆ ಇಳಿಸಿದರು. ಒಂದು ಗಳಿಗೆ ಯೋಚಿಸಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಕಂಪ್ಯೂಟರಿಗೂ ಇಳಿಸಿದರು.

ಶಾಂಭವಿಗೆ ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆಗ ಅವಳು ಮಗಳನ್ನು ನೋಡುತ್ತಿದ್ದಳು. ಬೆಳಕು ಚೌಕದಿಂದ ಚೌಕಕ್ಕೆ ನಡೆಯುತ್ತಿತ್ತು. "ನೀರು" ಬಂತು, ಹೋಯಿತು. "ಮನಿ" ಬಂತು, ಹೋಯಿತು. ಗುರವ್ವ ಮೊಣಕೈ ಎತ್ತಲಿಲ್ಲ. ಗುಂಡಿಯ ಕಡೆ ನೋಡಲೂ ಇಲ್ಲ. ಶಾಂಭವಿ ಅವಳ ತೋಳನ್ನು ಮೆಲ್ಲನೆ ಹಿಡಿದು ಗುಂಡಿಯ ಮೇಲಿಟ್ಟಾಗ ಹುಡುಗಿ ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಮೇಡಂ ಮೊದಲ ದಿನವೇ ಹೇಳಿದ್ದರು: "ಆಕಿ ಒತ್ತಿದಾಗೆಲ್ಲ ಏನಾದರೂ ಆಗಬೇಕು. ಆಗದಿದ್ದರೆ ಒತ್ತೋದನ್ನೇ ಬಿಡ್ತಾಳೆ. ಒಮ್ಮೆ ಬಿಟ್ಟರೆ ಮತ್ತೆ ಕೂರಿಸೋದು ಕಷ್ಟ." ಆ ಗುಂಡಿಗೂ ತನಗೂ ಏನೋ ಸಂಬಂಧ ಇದೆ ಅಂತ ಹುಡುಗಿಗೆ ಹೊಳೆಯಲಿಕ್ಕೇ ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿದಿತ್ತು. ಅದೆಲ್ಲ ಈಗ ಈ ಮೂರು ದಿನದಲ್ಲಿ ಜಾರಿ ಹೋಗುತ್ತಿತ್ತು. ಶಾಂಭವಿಗೆ ಯಂತ್ರ ಕೆಟ್ಟದ್ದಕ್ಕಿಂತ ಇದರ ಹೆದರಿಕೆ ದೊಡ್ಡದಾಗಿತ್ತು.

ಗುರುವಾರ ಮುಂಜಾನೆಯ ಕೆಲಸ ಅರ್ಧಕ್ಕೆ ಬಿಟ್ಟು ಅವಳು ತಾನೇ ಯಂತ್ರದ ಮುಂದೆ ಕೂತಳು. ಗುರವ್ವ ಪಕ್ಕದ ಕುರ್ಚಿಯಲ್ಲಿ ಗೋಡೆ ನೋಡುತ್ತಿದ್ದಳು. ಮನೆಯಲ್ಲಿ ಏನಾದರೂ ಕಳೆದರೆ ಶಾಂಭವಿ ಹುಡುಕುವ ರೀತಿ ಒಂದೇ: ಬಾಗಿಲಿನಿಂದ ಶುರು ಮಾಡಿ ಒಂದೊಂದೇ ಕೋಣೆ ಗುಡಿಸುತ್ತಾ ಒಳಗೆ ಹೋಗುವುದು. ಹಾಗೇ ಮಾಡಿದಳು. ಮೊದಲ ಪರದೆಯ ಮಾತು ಎಲ್ಲ ಕೇಳಿದವು. "ಮನಿ"ಯೊಳಗಿನವು ಹೆಚ್ಚಿನವು ಕೇಳಿದವು. "ಅಡಗಿ ಮನಿ"ಯಲ್ಲಿ ಕೆಲವು. "ಒಲಿ ಮುಂದ" ಹೋದರೆ ಬರೀ ಬೂದಿ.

ಒಳಗೆ ಹೋದಷ್ಟೂ ಸುಮ್ಮನಾಗುತ್ತದೆ ಅಂದುಕೊಂಡಳು. ಆಳದಲ್ಲಿ ಏನೋ ಕೆಟ್ಟಿದೆ. ಬೇಸರದಿಂದ ಒಲೆಯ ಮುಂದಿನ ಕೊನೆಯ ಚೌಕವನ್ನೂ ಒತ್ತಿದಳು.

"ಉಫ್!" ಅಂತು ಕಂಪ್ಯೂಟರು.

ಬಿಸಿ ಇದೆ ಅನ್ನಲಿಕ್ಕೆ ಮಾಡಿದ ಮಾತು ಅದು. ಬರೀ ಉಫ್. ಎಲ್ಲವೂ ಸತ್ತ ಕೋಣೆಯಲ್ಲಿ ಅದೊಂದು ಬದುಕಿತ್ತು. ಶಾಂಭವಿ ಮತ್ತೆ ಅಡಿಗೆ ಮನೆಗೆ ಬಂದು ನೋಡಿದಳು. ಮಾತಾಡುವವೆಲ್ಲ ಸಣ್ಣ ಹೆಸರಿನವು: "ಉಪ್ಪ ಸಾಕು", "ಬಿಸಿ ಅದ", "ಹಸಿವ್ಯಾಗ್ಯಾದ". ಸುಮ್ಮನಿದ್ದವೆಲ್ಲ ಉದ್ದ ಹೆಸರಿನವು. ಅವಳು ಒಂದು ಉದ್ದ ಹೆಸರನ್ನು ಅಳಿಸಿ ಬರೀ "ರೊಟ್ಟಿ" ಅಂತ ಮಾಡಿದಳು. ಒತ್ತಿದಳು.

"ನಂಗ ಕಟಕ್ ರೊಟ್ಟಿ ಬ್ಯಾಡ, ಬಿಸಿ ರೊಟ್ಟಿ ಹಾಲಿನ್ಯಾಗ ಮುರದ ಕೊಡು."

ಗುರವ್ವನ ತಲೆ ಸ್ವಲ್ಪ ತಿರುಗಿತು. ಮತ್ತೆ ಗೋಡೆಯ ಕಡೆ ಹೋಯಿತು.

ಶಾಂಭವಿ ಬಾಲರಾಜನಿಗೆ ಫೋನು ಹಚ್ಚಿದಳು. "ಸಣ್ಣ ಹೆಸರಿದ್ದದ್ದು ಮಾತಾಡ್ತದಪ್ಪ, ಉದ್ದ ಹೆಸರಿದ್ದದ್ದು ಮಾತಾಡಂಗಿಲ್ಲ. ಆದ್ರ ಹೋದ ವಾರದ ತನಕ ಇವೇ ಹೆಸರು, ಎಲ್ಲಾ ಮಾತಾಡ್ತಿದ್ವು."

"ಅಕ್ಕಾರ, ಒಂದ್ ಕೆಲಸ ಮಾಡ್ರಿ. ಫೋಲ್ಡರಿನ ಮ್ಯಾಲ ಪಟ್ಟಿ ಕಾಣ್ತದಲ್ಲ, ಅಲ್ಲಿ ಒತ್ತಿ, ಮೊದಲಿಂದ ಓದ್ರಿ. ಯಾವ್ದರ ಒಳಗ ಯಾವ್ದು ಅದ ಅಂತ."

ಅವಳು ಓದತೊಡಗಿದಳು. ಸಿ, ಆಮೇಲೆ ಯೂಸರ್ಸ್, ಆಮೇಲೆ ಅವಳ ಹೆಸರು, ಆಮೇಲೆ ಡಾಕ್ಯುಮೆಂಟ್ಸ್. ಆಮೇಲೆ ಅವಳ ದನಿ ನಿಧಾನವಾಯಿತು. "ಕುಮಾರಿ ಗುರುದೇವಿ ತಂದಿ ಸಂಗಮನಾಥ ಸಾಕಿನ ಸಗರ ಹಾಲಿ ವಸ್ತಿ ಶಹಾಪುರ ತಾಲೂಕ ಶಹಾಪುರ ಜಿಲ್ಲಾ ಯಾದಗಿರಿ ಇವಳ ಮಾತುಗಳು."

"ಏನಂದ್ರಿ?"

"ಅದೇ, ಫೋಲ್ಡರಿನ ಹೆಸರು."

ಬಾಲರಾಜ ನಗಲು ಶುರು ಮಾಡಿದವನು ನಿಲ್ಲಿಸಲಿಲ್ಲ. "ಅಕ್ಕಾರ, ಅದು ಕಂಪ್ಯೂಟರ್ ರೀ, ತಹಶೀಲ್ದಾರ ಅಲ್ಲ! ಅರ್ಜಿ ಬರದಂಗ ಬರದೀರಲ್ಲ! ಯಾರ್ ಇಟ್ಟಾರ?"

ಯಾರು ಅಂತ ಅವಳಿಗೆ ಆಗಲೇ ಗೊತ್ತಾಗಿತ್ತು. ಸಂಗಮನಾಥ ಅವಳ ಗಂಡ. ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ವಾರದ ಕೊನೆಗೆ ಮನೆಗೆ ಬರುವವನು. ಹೋದ ಐತವಾರ ಕಂಪ್ಯೂಟರಿನ ಮುಂದೆ ಕೂತು, "ಎಲ್ಲಾ ಸಾಪ್ ಮಾಡಿ ಇಡ್ತೀನಿ, ನೀ ಜರಾ ಒರಗು," ಅಂದಿದ್ದ. ಅವಳು ಒರಗಿದ್ದಳು. ಗುರುಗಳು ಅಂತಲೋ ಮಗಳು ಅಂತಲೋ ತಿಳಿಯದ ಹಾಗೆ ಬರೀ "ಗುರು" ಅಂತಿದ್ದ ಫೋಲ್ಡರಿಗೆ ಅವನು ಸರಿಯಾದ ವಿಳಾಸ ಹಾಕಿದ್ದ. ಪ್ರೋಗ್ರಾಮಿಗೂ ಹೊಸ ಜಾಗ ತೋರಿಸಿಕೊಟ್ಟು, "ನೀರು" ಒತ್ತಿ ನೋಡಿ, ಕೇಳಿದ ಮೇಲೆ ಖುಷಿಯಿಂದ ಬಸ್ಸು ಹತ್ತಿದ್ದ.

ಬಾಲರಾಜ ನಗು ನುಂಗಿಕೊಂಡು ತಿಳಿಸಿ ಹೇಳಿದ. ಫೈಲಿಗೆ ಹೋಗುವ ದಾರಿ ಅಂತ ಇರುತ್ತದೆ; ಮೇಲಿನ ಫೋಲ್ಡರಿನಿಂದ ಕೊನೆಯ ಹೆಸರಿನವರೆಗೆ ಎಲ್ಲ ಅಕ್ಷರ ಸೇರಿ ಒಂದು ದಾರಿ. ಈ ಹಳೆಯ ಪ್ರೋಗ್ರಾಮುಗಳು ಇನ್ನೂರಾ ಅರವತ್ತರ ಆಚೆ ಓದುವುದಿಲ್ಲ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ದಾರಿ ಉದ್ದವಾದರೆ ಅದು ನಡುವೆಯೇ ನಿಂತು, ಮುಂದೆ ಏನೂ ಇಲ್ಲ ಅನ್ನುತ್ತದೆ. "ನೀರು ಬಾಗಲದಾಗೇ ಅದ, ಸಿಗ್ತದ. ರೊಟ್ಟಿ ತನಕ ಹೋಗೂದ್ರಾಗ ಅದರ ಉಸರ ಮುಗೀತದ್ರಿ. ನಿನ್ನಿ ಕಾಪಿ ಮಾಡುಮುಂದ ಇದನ್ನೇ ಕೇಳಿರಬೇಕು ಅದು. ನಾನೇ ಸ್ಕಿಪ್ ಒತ್ತರಿ ಅಂದೆ, ಹುಚ್ಚ ನಾನು."

"ಈಗ ಏನ್ ಮಾಡ್ಲಿ?"

"ಪ್ರೋಗ್ರಾಮ್ ಬಂದ್ ಮಾಡಿ, ಫೋಲ್ಡರಿನ ಹೆಸರ ಸಣ್ಣದ ಮಾಡ್ರಿ. ಆಮ್ಯಾಲ ಹೊಸ ಜಾಗಾ ತೋರಸ್ರಿ. ಏನಾಗಿಲ್ರಿ, ಮಾತೆಲ್ಲ ಹಂಗೇ ಅದಾವ."

ಮಾತೆಲ್ಲ ಹಾಗೇ ಇವೆ. ಶಾಂಭವಿ ಫೋನಿಟ್ಟಳು. ಅಷ್ಟರಲ್ಲಿ ಗಂಡನದೇ ಫೋನು ಬಂತು, ಊಟದ ಹೊತ್ತಿನ ಎಂದಿನ ಫೋನು. ಅವಳು ಹೇಳಿದಳು. ಬೈಯಬೇಕು ಅಂತ ಮೂರು ದಿನದಿಂದ ಯಾರನ್ನೋ ಹುಡುಕುತ್ತಿದ್ದಳು. ಈಗ ಸಿಕ್ಕವನ ದನಿ ಆ ಕಡೆ ಸಣ್ಣಗಾಗಿಬಿಟ್ಟಿತು.

"ನಾ ಮಾಡಿದ್ನೇನು ಇದನ್ನ?" ಅಂದ ಸಂಗಮನಾಥ. "ಹಂಗಲ್ಲ ಶಾಂಭವಿ. ನಮ್ಮ ಆಫೀಸಿನ್ಯಾಗ ಪೂರಾ ವಿಳಾಸ ಇಲ್ಲದ್ದು ಒಮ್ಮಿ ಎಲ್ಲರ ಸೇರಿತಂದ್ರ ಮುಗೀತು, ಹುಡುಕಿದ್ರ ಸಿಗಂಗಿಲ್ಲ. ನಾಳಿ ರಿಪೇರಿಗಿ ಅಂತ ಯಾರ ಕೈಯಾಗರ ಕೊಡ್ತೀವಿ, ಆಕಿ ಮಾತು ಯಾರದರ ಜೋಡಿ ಬೆರತು ಕಳದ ಹೋಗಬಾರ್ದು ಅಂತ..."

"ಗೊತ್ತಾತ್ರಿ."

"ಆಕಿ ಎಷ್ಟ್ ಸಲ ಒತ್ತಿದ್ಲು?"

ಶಾಂಭವಿ ಮಗಳ ಕುತ್ತಿಗೆಯ ನರ ನೆನೆದಳು. "ಈಗ ಸರಿ ಮಾಡ್ತೀನಿ ಬಿಡ್ರಿ. ನೀವು ಉಣ್ಣರಿ."

"ಸಾಕಿನ ಸಗರ ಅಂತ ಊರಿನ ಹೆಸರರ ಇರಲೇನು? ಅಷ್ಟ?"

"ಬ್ಯಾಡ್ರಿ. ಏನೂ ಬ್ಯಾಡ."

ಪ್ರೋಗ್ರಾಮು ಮುಚ್ಚಿದಳು. ಅಷ್ಟುದ್ದದ ವಿಳಾಸವನ್ನು ಅಳಿಸಿ "ಗುರು" ಅಂತ ಮಾಡಿದಳು. ಹೊಸ ಜಾಗ ತೋರಿಸಿದಳು. ಬೂದಿ ಚೌಕಗಳು ಒಂದೊಂದಾಗಿ ಬಣ್ಣ ತುಂಬಿಕೊಂಡವು: ರೊಟ್ಟಿ, ಬಾಚಣಿಗೆ, ಕೆಂಪು ಬಸ್ಸು. ಮೌಸಿನಿಂದ ಒತ್ತಿ ನೋಡಿದಳು. ಒಳಕೋಣೆಯ ತನಕ ಎಲ್ಲವೂ ಮಾತಾಡಿದವು. ಗೊಲ್ಲಾಳಮ್ಮ ಬಾಗಿಲಿಗೆ ಬಂದು ನಿಂತು ಕೇಳಿ, ಉಪ್ಪು ಮೆಣಸಿನಕಾಯಿಗೆ ಸಲ್ಲಬೇಕಾದ ಗೌರವ ಸಲ್ಲುವ ಹಾಗೆ ಒಮ್ಮೆ ಕೆಮ್ಮಿ ಒಳಗೆ ಹೋದರು.

ಆದರೆ ಗುರವ್ವ ತಿರುಗಲಿಲ್ಲ.

ಶಾಂಭವಿ ಕುರ್ಚಿಯನ್ನು ಪರದೆಯ ಕಡೆ ಹೊರಳಿಸಿದಳು. ಗುಂಡಿಯನ್ನು ಮೊಣಕೈಯ ಹತ್ತಿರ ಸರಿಸಿದಳು. ಬೆಳಕು ನಡೆಯತೊಡಗಿತು. "ಗುರವ್ವ, ನೋಡಿಲ್ಲಿ, ಬಂತು ನೋಡು." ಮಗಳು ತನ್ನ ಮಡಿಲು ನೋಡುತ್ತಿದ್ದಳು. "ಒಂದ್ ಸಲ ಒತ್ತವ್ವ. ಈಗ ಮಾತಾಡ್ತದ. ನಾ ಸರಿ ಮಾಡೀನಿ." ಬೆಳಕು ಒಂದು ಸುತ್ತು ಮುಗಿಸಿ ಮತ್ತೆ ಬಂತು. ಒಳಗೆ ಹಂಚು ಕಾದು ಕಾದು ವಾಸನೆ ಬರುತ್ತಿತ್ತು; ಅತ್ತೆ ಉರಿ ತಗ್ಗಿಸಿದ ಸದ್ದು ಕೇಳಿತು. ಶಾಂಭವಿಯ ಸೊಂಟ ನೋಯುತ್ತಿತ್ತು. ಮಗಳ ತೋಳನ್ನು ಹಿಡಿದು ಒತ್ತಿಸಬಾರದು ಅಂತ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಇನ್ನು ಕಾಯುವುದು ಬಿಟ್ಟು ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಎಷ್ಟೋ ಸುತ್ತು ಆದ ಮೇಲೆ ಅವಳಿಗೇ ಕಣ್ಣೆಳೆಯತೊಡಗಿತು.

ಟಪ್ ಅಂತ ಗುಂಡಿ ಬಿತ್ತು.

ಶಾಂಭವಿ ಕಣ್ಣು ತೆರೆದಳು. "ಮನಿ" ತೆರೆದಿತ್ತು. ಗುರವ್ವನ ಕಣ್ಣು ಪರದೆಯ ಮೇಲಿತ್ತು, ಬಾಯಿ ಬಿಗಿದಿತ್ತು. ಬೆಳಕು ಅಡಿಗೆ ಮನೆ ದಾಟಿತು, ಒತ್ತಲಿಲ್ಲ. ಪಡಸಾಲೆಗೆ ಬಂತು, ಒತ್ತಿದಳು. ಪಡಸಾಲೆಯೊಳಗೆ "ನಾನು" ಅಂತ ಅವಳದೇ ಫೋಟೋ ಇದ್ದ ಚೌಕ, ಒತ್ತಿದಳು. ಅದರೊಳಗೆ ಹೋದವಳೇ ಅಲ್ಲ ಹುಡುಗಿ. ಮೇಡಂ ಹೇಳಿದ್ದರು ಅಂತ ಶಾಂಭವಿ ಅಲ್ಲಿ ಸಂತೋಷ, ಹೆದರಿಕೆ ಎಲ್ಲ ತುಂಬಿಸಿಟ್ಟಿದ್ದಳು, ಎಂದೂ ಬಳಕೆಗೆ ಬಂದಿರಲಿಲ್ಲ. ಬೆಳಕು ನಗುಮುಖ ದಾಟಿತು, ಅಳುಮುಖ ದಾಟಿತು. ಹುಬ್ಬು ಗಂಟಿಕ್ಕಿದ ಕೆಂಪು ಮುಖಕ್ಕೆ ಬಂತು. ಮೊಣಕೈ ಬಿತ್ತು.

"ನಂಗ ಭಾಳ ಸಿಟ್ಟ ಬಂದದ, ಯಾರೂ ನನ್ನ ಮಾತಾಡಸಬ್ಯಾಡ್ರಿ."

ಶಾಂಭವಿಯದೇ ದನಿ ಶಾಂಭವಿಯನ್ನು ಗದರಿಸಿತು. ಗುರವ್ವ ಅಷ್ಟಕ್ಕೆ ಬಿಡಲಿಲ್ಲ. ಮೈಯೆಲ್ಲ ನಡುಗಿಸುತ್ತಾ ಬೆಳಕು ಸುತ್ತಿ ಬರುವುದನ್ನು ಕಾದು ಮತ್ತೆ ಒತ್ತಿದಳು. "ನಂಗ ಭಾಳ ಸಿಟ್ಟ ಬಂದದ." ಮತ್ತೆ. ಮತ್ತೆ. ಅಡಿಗೆ ಮನೆಯಿಂದ ಗೊಲ್ಲಾಳಮ್ಮ ಕೂಗಿದರು, "ಯಾರಿಗಿ ಸಿಟ್ಟ ಬಂದದ? ಸೊಸಿಗೇನು, ಮೊಮ್ಮಗಳಿಗೇನು?"

"ಗುರವ್ವಗ ರೀ," ಅಂದಳು ಶಾಂಭವಿ. "ಮಾತಾಡಸಬ್ಯಾಡ್ರಿ ಅಂತಾಳ."

ಮಗಳ ಕಡೆ ತಿರುಗಿದಳು. ಹೇಳಬೇಕಾದ್ದು ಬಾಯಿಗೆ ಬಂದಿತ್ತು: ತಪ್ಪಾತವ್ವ, ಮೂರು ದಿನ ಕಾಯಿಸಿದೆವು, ಬಾ ನನ್ನವ್ವ. ಗುರವ್ವ ಕಣ್ಣು ಕೆರಳಿಸಿಕೊಂಡು ಕಾಯುತ್ತಿದ್ದಳು, ಹೇಳಿದ ಮಾತು ಈ ಮನೆಯಲ್ಲಿ ನಡೆಯುತ್ತದೋ ಇಲ್ಲವೋ ನೋಡುವವಳ ಹಾಗೆ. ಶಾಂಭವಿ ಬಾಯಿ ಮುಚ್ಚಿಕೊಂಡಳು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮಗಳು ಮತ್ತೆ ಕರೆಯುವವರೆಗೆ ಒಂದು ಮಾತೂ ಆಡದೆ ಕೂತಳು.